ಇಸ್ತ್ರಿ ಅಕ್ಕನ ಕ್ವಾರಂಟೈನ್

ಬಟ್ಟೆ ಒಣಗಿಸುವ ಮೆಷಿನ್ನುಗಳ ಹಿಂದೆ, ಗೋಡೆಗೂ ಕಬ್ಬಿಣಕ್ಕೂ ನಡುವೆ, ಒಂದು ಮಡಚುವ ಮಂಚ ಹಿಡಿಯುವಷ್ಟು ಜಾಗವಿತ್ತು. ಇಸ್ತ್ರಿ ಅಕ್ಕನ ಕ್ವಾರಂಟೈನ್ ಅಲ್ಲೇ. ಅಂಗಾತ ಮಲಗಿದರೆ ಬೆನ್ನಿಗೆ ಮಂಚದ ಕಂಬಿ ಒತ್ತುತ್ತಿತ್ತು. ಮಗ್ಗುಲಾದರೆ ಮೆಷಿನ್ನಿನ ಬಿಸಿ ಕೆನ್ನೆಗೆ ಹೊಡೆಯುತ್ತಿತ್ತು. ಮೆಷಿನ್ನು ತಿರುಗತೊಡಗಿತೆಂದರೆ ಮಂಚವೂ ಗಡಗಡ ನಡುಗಿ ನಿಧಾನಕ್ಕೆ ಹೊರಟುಬಿಡುತ್ತಿತ್ತು. ಒಮ್ಮೆ ಗೋಡೆಗೆ ತಲೆಯಿಟ್ಟು ಮಲಗಿದವಳು ಕಣ್ಣು ಬಿಟ್ಟಾಗ ಮಂಚದ ಸಮೇತ ಬಾಗಿಲ ಹತ್ತಿರ ಬಂದಿದ್ದಳು.

"ವಿಮಾನದಲ್ಲೂ ಇಷ್ಟು ಕುಲುಕಾಟ ಇರಲಿಲ್ಲ ನೋಡು," ಅಂದಳು ಉದ್ದಣ್ಣನಿಗೆ.

ಉದ್ದಣ್ಣ ಬಟ್ಟೆ ಒಗೆಯುವ ದೊಡ್ಡ ಮೆಷಿನ್ನು ನೋಡಿಕೊಳ್ಳುವವನು. ತಲೆ ಮೇಲಿನ ಪೈಪುಗಳಿಗೆ ಹಣೆ ಬಡಿಸಿಕೊಳ್ಳದೆ ಅವನ ದಿನ ಮುಗಿಯುತ್ತಿರಲಿಲ್ಲ. ಅವನು ಒಗೆದದ್ದನ್ನು ಅಕ್ಕ ಇಸ್ತ್ರಿ ಹಾಕುತ್ತಿದ್ದಳು. ಅಕ್ಕ ಇಸ್ತ್ರಿ ಹಾಕಿದ್ದನ್ನು ಮಡಿಕೆ ತಂಗಿ ಮಡಚಿ ಜೋಡಿಸುತ್ತಿದ್ದಳು. ಹರಿದಿದ್ದೇನಾದರೂ ಇದ್ದರೆ ಮೂಲೆಯಲ್ಲಿ ಸೂಜಿ ತಾತ ಕೂತಿರುತ್ತಿದ್ದ. ದೊಡ್ಡ ಹೋಟೆಲು ಅದು. ಮೇಲೆ ಮಹಡಿಯ ಮೇಲೆ ಮಹಡಿ, ನೆಲದ ಕೆಳಗೆ ಈ ಲಾಂಡ್ರಿ. ನಾಲ್ವರೂ ಕಡಲು ದಾಟಿ ದುಡಿಯಲು ಬಂದವರು.

ರೋಗ ಬಂದು ಊರೂರು ಬಾಗಿಲು ಹಾಕಿದಾಗ ಇಸ್ತ್ರಿ ಅಕ್ಕ ಇಲ್ಲಿರಲಿಲ್ಲ. ಮಗಳ ಹೆರಿಗೆಗೆಂದು ರಜೆ ಹಾಕಿ ತನ್ನ ದೇಶಕ್ಕೆ ಹೋಗಿದ್ದಳು. ಹೋದವಳು ಅಲ್ಲೇ ಸಿಕ್ಕಿಕೊಂಡಳು. ವಿಮಾನ ನಿಂತವು. ಆದರೆ ವೀಸಾ ನಿಲ್ಲುವುದಿಲ್ಲವಲ್ಲ, ಅದು ತನ್ನ ಪಾಡಿಗೆ ಕರಗುತ್ತಿತ್ತು. ಇಷ್ಟು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾ ರದ್ದು ಅಂತ ಇಲ್ಲಿಯ ಕಾನೂನು. ಬನ್ನಿ ಅನ್ನುವವರೂ ಇವರೇ, ಬರಬೇಡಿ ಅನ್ನುವವರೂ ಇವರೇ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಯಾವುದೋ ವಿಮಾನ ಬಿಟ್ಟಾಗ, ಇನ್ನೂ ಕತ್ತು ನಿಲ್ಲದ ಮೊಮ್ಮಗಳನ್ನು ಮಗಳ ಮಡಿಲಿಗೆ ಹಾಕಿ ಓಡಿಬಂದಿದ್ದಳು.

ವಿಮಾನ ನಿಲ್ದಾಣದಲ್ಲಿ ಅವಳಿಗೆ ಕಾನೂನನ್ನು ಓದಿ ಹೇಳಿದ್ದರು. ಹೊರಗಿನಿಂದ ಬಂದ ಕೆಲಸದವರನ್ನು ಕಿಟಕಿ, ಬಚ್ಚಲು ಇರುವ ಪ್ರತ್ಯೇಕ ಕೋಣೆಯಲ್ಲಿ ಇಡಬೇಕು, ಖರ್ಚು ಕೆಲಸ ಕೊಟ್ಟವರದು, ಕೆಲಸ ಮಾಡಿಸಕೂಡದು. ಕೋಣೆ ಬಿಟ್ಟು ಹೊರಬಂದರೆ ಬಂದವರನ್ನೇ ಗಡೀಪಾರು ಮಾಡುತ್ತಾರೆ. ಅವಳ ಹೋಟೆಲನ್ನೇ ಸರ್ಕಾರ ಕ್ವಾರಂಟೈನಿಗೆ ತೆಗೆದುಕೊಂಡಿತ್ತು. ಇಷ್ಟು ವರ್ಷ ಇಸ್ತ್ರಿ ಹಾಕಿದ ಹಾಸಿಗೆ ಮೇಲೆ ಈಗ ಮಲಗೋ ಯೋಗ ಬಂತಲ್ಲ ಅಂತ ದಾರಿಯುದ್ದಕ್ಕೂ ಒಳಗೊಳಗೇ ನಕ್ಕಿದ್ದಳು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಪೂಜಾರಿಯ ಜಾಗದಲ್ಲಿ ಮ್ಯಾನೇಜರ್ ಇದ್ದ. ಅವನೂ ಅವಳ ಭಾಷೆಯವನೇ. ಕೆಲಸದವರನ್ನು ಬೈಯಲು ಅನುಕೂಲವಾಗಲಿ ಅಂತ ಮಾಲೀಕ ಅವನನ್ನು ಹುಡುಕಿ ಇಟ್ಟುಕೊಂಡಿದ್ದ. ಹಿಂಬಾಗಿಲಲ್ಲೇ ಅವಳನ್ನು ತಡೆದು ಮೊದಲು ಪಾಸ್‌ಪೋರ್ಟ್ ಇಸಿದುಕೊಂಡ. ಆಮೇಲೆ ಕೆಳಗಿನ ಮೆಟ್ಟಿಲು ತೋರಿಸಿದ.

"ಕೋಣೆ ಸಾರ್?" ಅಂದಳು.

"ನಿನ್ನ ಹೆಸರಿಗೆ ಮೇಲೆ ಒಂದು ಕೋಣೆ ಬರೆಸಿದೀನಿ. ಆದ್ರೆ ನೀನು ಅಲ್ಲಿ ಮಲಗಿದ್ರೆ ಆ ಬಟ್ಟೆಯೆಲ್ಲ ಆಮೇಲೆ ಒಗೆದು ಇಸ್ತ್ರಿ ಹಾಕೋರು ಯಾರು?"

"ನಾನೇ ಅಲ್ವಾ ಸಾರ್."

"ಅದಕ್ಕೇ ಹೇಳ್ತಿರೋದು. ನಿನಗೇ ಯಾಕೆ ಡಬಲ್ ಕೆಲಸ? ಮೆಷಿನ್ ಹಿಂದೆ ಜಾಗ ಮಾಡಿದೀನಿ. ಒಬ್ಬಳೇ ಇರ್ತೀಯಲ್ಲ, ಅದೇ ಕ್ವಾರಂಟೈನ್. ಆ ಬಿಸಿಗೆ ಯಾವ ವೈರಸ್ಸೂ ಬದುಕಲ್ಲ."

"ಕೆಲಸ ಮಾಡ್ಸಬಾರ್ದು ಅಂದ್ರು ಅಲ್ಲಿ."

"ಕೈ ಆಡಿಸ್ತಿದ್ರೆ ಮೈಗೆ ಒಳ್ಳೇದು. ನಿನ್ನ ವೀಸಾ ಮುಗಿಯೋಕ್ಕೆ ಬಂದಿದೆ, ಹೊಸದು ಮಾಡಿಸೋದು ಬೇಡ್ವಾ? ನಮ್ಮೋಳು ಅಂತ ಹೇಳ್ತಿದೀನಿ."

ವೀಸಾ ಅಂದಮೇಲೆ ಮಾತಿಲ್ಲ. ಅಕ್ಕ ಬ್ಯಾಗು ಹೊತ್ತು ಮೆಟ್ಟಿಲಿಳಿದಳು.

ಮೊದಲ ದಿನ ಕೆಳಗಿನವರು ಅವಳಿಂದ ಮಾರು ದೂರ ನಿಂತರು. ಮಡಿಕೆ ತಂಗಿ ಊಟದ ತಟ್ಟೆಯನ್ನು ನೆಲದ ಮೇಲಿಟ್ಟು, ನೆಲ ಒರೆಸುವ ಕೋಲಿನಿಂದ ಮೆಲ್ಲಗೆ ತಳ್ಳಿದಳು. ತಟ್ಟೆ ಅರ್ಧ ದಾರಿಯಲ್ಲೇ ಮಗುಚಿತು. ಸೂಜಿ ತಾತ ಎದ್ದು ಬಂದು ತನ್ನ ತಟ್ಟೆಯನ್ನು ಅವಳ ಮುಂದಿಟ್ಟು, ಪಕ್ಕದಲ್ಲೇ ಕೂತು ಅದರಲ್ಲೇ ಕೈಹಾಕಿದ.

"ತಾತ, ದೂರ ಕೂತ್ಕೋ. ನಿನಗೆ ವಯಸ್ಸಾಗಿದೆ."

"ಈ ಹಬೇಲಿ ಇಷ್ಟು ವರ್ಷ ಸಾಯದೋನು ನಿನ್ನ ಕೆಮ್ಮಿಗೆ ಸಾಯ್ತೀನಾ. ಉಣ್ಣು ಮಗಳೇ."

ಮಾರನೆಯ ದಿನಕ್ಕೆ ದೂರ ನಿಲ್ಲುವುದು ಆಗದ ಮಾತಾಯಿತು. ಮೇಲೆ ಬಹುಪಾಲು ಕೋಣೆಗಳಲ್ಲಿ ದುಡ್ಡಿದ್ದವರು ಕ್ವಾರಂಟೈನ್ ಕೂತಿದ್ದರು. ಕೂತವರಿಗೆ ಬೇರೆ ಕೆಲಸವಿಲ್ಲ. ಮೂರು ಹೊತ್ತೂ ಟವೆಲು ಬದಲಾಯಿಸುತ್ತಿದ್ದರು. ಬಟ್ಟೆ ಬೆಟ್ಟದ ಹಾಗೆ ಇಳಿಯುತ್ತಿತ್ತು. ಅಕ್ಕ ಮುಂಚಿನಂತೆ ತಂಗಿಯ ಪಕ್ಕದಲ್ಲಿ ನಿಂತು ಇಸ್ತ್ರಿ ಹಿಡಿದಳು.

ಹೀಗೆ ಸಾಗುತ್ತಿರುವಾಗ ಒಂದು ಬೆಳಗ್ಗೆ ಮ್ಯಾನೇಜರ್ ಏದುಸಿರು ಬಿಡುತ್ತ ಕೆಳಗಿಳಿದು ಬಂದ. ಅವನು ಮೆಟ್ಟಿಲಿಳಿದು ಬಂದಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಯಾವಾಗಲೂ ಮೇಲಿಂದಲೇ ಕೂಗುತ್ತಿದ್ದ.

"ಏ, ಬಾ ಬೇಗ. ಆರೋಗ್ಯ ಇಲಾಖೆಯೋರು ಬಂದಿದಾರೆ. ನಿನ್ನ ನೋಡಬೇಕಂತೆ."

ಬಟ್ಟೆ ಸಾಗಿಸುವ ಲಿಫ್ಟಿನಲ್ಲಿ ಅವಳನ್ನು ಮೇಲೆ, ಅವಳ ಹೆಸರಿಗೆ ಬರೆಸಿದ್ದ ಕೋಣೆಗೆ ತಳ್ಳಿಕೊಂಡು ಹೋದ. ಬೆವರಿಗೆ ಅಂಟಿಕೊಂಡಿದ್ದ ಬಟ್ಟೆಯ ಮೇಲೆಯೇ ಹೋಟೆಲಿನ ಬಿಳಿ ಗೌನು ತೊಡಿಸಿದ. ಹಾಸಿಗೆ ಮೇಲೆ ಕೂರಿಸಿದ. ಹಾಸಿಗೆ ಎಷ್ಟು ಮೆತ್ತಗಿತ್ತೆಂದರೆ ಅಕ್ಕ ಕೂತವಳು ಹಿಂದಕ್ಕೆ ಉರುಳಿದಳು. ಎಳೆದು ಮತ್ತೆ ಕೂರಿಸಿದ.

"ಕೇಳು. ಆ ಅಧಿಕಾರಿ ಏನು ಕೇಳಿದ್ರೂ ಹೌದು ಅನ್ನು. ಅಷ್ಟೇ. ಬೇರೆ ಒಂದು ಮಾತು ಬಾಯಿಂದ ಬಂದ್ರೆ ನಿನ್ನ ವೀಸಾ ಗಂಗೆ ಪಾಲು."

"ಎಲ್ಲಾದಕ್ಕೂ ಹೌದು?"

"ಎಲ್ಲಾದಕ್ಕೂ ಹೌದು."

ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ತೊಟ್ಟ ಅಧಿಕಾರಿ ಹುಡುಗಿ ಒಳಗೆ ಬಂದಳು. ಆ ದೇಶದ ಭಾಷೆ ಅಕ್ಕನಿಗೆ ಕೆಲಸಕ್ಕೆ ಬೇಕಾದಷ್ಟು ಬರುತ್ತಿತ್ತು. ಹುಡುಗಿ ಕೇಳಿದಳು, "ಚೆನ್ನಾಗಿದೀರಾ?"

"ಹೌದು."

"ಊಟ ಹೊತ್ತಿಗೆ ಸರಿಯಾಗಿ ಬರ್ತಿದೆಯಾ?"

"ಹೌದು."

ಮ್ಯಾನೇಜರ್ ಬಾಗಿಲಲ್ಲಿ ನಿಂತು ಪಾಠ ಒಪ್ಪಿಸುವ ಮಗುವಿನ ತಂದೆಯಂತೆ ತಲೆಯಾಡಿಸುತ್ತಿದ್ದ.

"ಈ ಕೋಣೆ ಬಿಟ್ಟು ಹೊರಗೆ ಹೋಗಿದ್ರಾ?"

"ಹೌದು."

ಮ್ಯಾನೇಜರನ ತಲೆ ನಿಂತಿತು. ಅಕ್ಕನಿಗೂ ಹೇಳಿದ ಮೇಲೆಯೇ ಅರ್ಥವಾಗಿದ್ದು.

"ಅವಳಿಗೆ ಭಾಷೆ ಬರಲ್ಲ ಮೇಡಂ," ಅಂದ ಅವನು. "ಏನು ಕೇಳಿದ್ರೂ ಹೌದು ಅಂತಾಳೆ. ಪಾಪ."

ಹುಡುಗಿ ಅವನತ್ತ ತಿರುಗಲಿಲ್ಲ. ಒಂದೊಂದೇ ಪದ ಬಿಡಿಸಿ ಮತ್ತೆ ಕೇಳಿದಳು. "ಕೋಣೆ ಬಿಟ್ಟು ಹೊರಗೆ ಹೋಗೋದು ಅಪರಾಧ. ನಿಮ್ಮನ್ನ ವಾಪಸ್ ಕಳಿಸಬೇಕಾಗುತ್ತೆ. ಹೊರಗೆ ಹೋಗಿದ್ರಾ?"

ಅಕ್ಕ ಲೆಕ್ಕ ಹಾಕಿದಳು. ಹೌದು ಅಂದರೆ ತಾನು ಕಳ್ಳಿ, ಊರಿಗೆ ಗಂಟುಮೂಟೆ. ಇಲ್ಲ ಅಂದರೆ ಮತ್ತೆ ಆ ಮೆಷಿನ್ನಿನ ಹಿಂದೆ. ಕೋಣೆಯನ್ನೊಮ್ಮೆ ನೋಡಿದಳು. ದಿಂಬಿನ ಮೇಲೆ ಒಂದು ಸುಕ್ಕಿಲ್ಲ. ಬಚ್ಚಲಿನ ಸೋಪಿನ ಕಾಗದ ಕೂಡ ಬಿಚ್ಚಿರಲಿಲ್ಲ. ಮಾಡದ ತಪ್ಪಿಗೆ ತಾನ್ಯಾಕೆ ಬೆವರಬೇಕು ಅಂತ ಸಿಟ್ಟು ಬಂತು.

"ಹೊರಗೆ ಹೋಗಿಲ್ಲ ಅಮ್ಮ," ಅಂದಳು. "ಹೊರಗೆ ಹೋಗಬೇಕಾದ್ರೆ ಮೊದಲು ಒಳಗೆ ಬಂದಿರಬೇಕಲ್ಲ. ನಾನು ಒಳಗೆ ಬಂದಿದ್ದೇ ಈಗ. ನೀವು ಬರೋಕ್ಕೆ ಒಂದು ಗಳಿಗೆ ಮುಂಚೆ."

ಹುಡುಗಿ ಬಚ್ಚಲಿಗೆ ಹೋಗಿ ನೋಡಿದಳು. ಸೋಪು ನೋಡಿದಳು. ಗೌನಿನ ಕೆಳಗೆ ಇಣುಕುತ್ತಿದ್ದ ಲಾಂಡ್ರಿ ಚಪ್ಪಲಿ ನೋಡಿದಳು. ಮ್ಯಾನೇಜರ್ ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

"ಇಷ್ಟು ದಿನ ಎಲ್ಲಿದ್ರಿ?"

"ಕೆಳಗೆ. ಕೆಲಸದಲ್ಲಿ."

"ಜೊತೆಗೆ ಯಾರ್ಯಾರಿದ್ರು?"

ಇಲ್ಲಿ ಅಕ್ಕ ಹುಷಾರಾದಳು. ತನ್ನ ವೀಸಾ ಹೋಗುವುದಾದರೆ ಹೋಗಲಿ, ಉಳಿದವರದ್ದು ತನ್ನ ನಾಲಿಗೆಯಿಂದ ಹೋಗುವುದು ಬೇಡ. "ಗೊತ್ತಿಲ್ಲ," ಅಂದಳು. ಎಷ್ಟು ಕೇಳಿದರೂ ಅದೊಂದೇ ಮಾತು. ಹುಡುಗಿ ಅವಳ ಮಣಿಕಟ್ಟಿಗೆ ರಬ್ಬರಿನ ಪಟ್ಟಿ ಕಟ್ಟಿದಳು. ಕೋಣೆಯ ಹೊಸ್ತಿಲು ದಾಟಿದರೆ ಅದು ಕಿರುಚುತ್ತದೆಯಂತೆ. "ಇನ್ನು ನೀವು ಇಲ್ಲೇ," ಅಂದು ಬಾಗಿಲೆಳೆದುಕೊಂಡು ಹೋದಳು.

ಅಕ್ಕ ಒಬ್ಬಳೇ ಉಳಿದಳು. ನಗು ಬರಲಿಲ್ಲ. ಮಗಳಿಗೆ ಫೋನು ಮಾಡಿ, ಮಗು ಅಳುವುದನ್ನೇ ಕೇಳುತ್ತ ಕೂತಳು.

"ಯಾಕಮ್ಮ ಸುಮ್ಮನಾದೆ? ಎಲ್ಲಿದೀಯ?" ಅಂದಳು ಮಗಳು.

"ಕಿಟಕಿ ಇರೋ ಕೋಣೇಲಿ."

"ಮತ್ತೆ ಒಳ್ಳೇದೇ ಆಯ್ತಲ್ಲ."

"ಗೊತ್ತಿಲ್ಲ ಕಣೇ. ನೋಡೋಣ."

ಮಧ್ಯಾಹ್ನ ಹಾಸಿಗೆ ಪಕ್ಕದ ಹೋಟೆಲಿನ ಫೋನು ಬಡಿದುಕೊಂಡಿತು. ಮ್ಯಾನೇಜರೇ ಇರಬೇಕು ಅಂತ ಹೆದರುತ್ತಲೇ ಎತ್ತಿದಳು.

"ಅಕ್ಕ, ನಾನು ಉದ್ದಣ್ಣ."

"ಎಲ್ಲಿಂದಪ್ಪ?"

"ನಿನ್ನ ಪಕ್ಕದ ಕೋಣೆಯಿಂದ. ಇಲ್ಲಿ ಪೈಪಿಲ್ಲ ಅಕ್ಕ. ನೆಟ್ಟಗೆ ನಿಂತಿದೀನಿ."

ನಡೆದದ್ದನ್ನು ಅವನೇ ಹೇಳಿದ. ಮ್ಯಾನೇಜರ್ ಓಡಿಬಂದು, ಇಸ್ತ್ರಿಯವಳನ್ನು ನಾವ್ಯಾರೂ ನೋಡೇ ಇಲ್ಲ ಅಂತ ಹೇಳಿ ಅಂದನಂತೆ. ಹಿಂದೆಯೇ ಪ್ಲಾಸ್ಟಿಕ್ ಹುಡುಗಿ ಬಂದಳಂತೆ. ಕೇಳಿದಾಗ ಎಲ್ಲರೂ ನೆಲ ನೋಡಿದರಂತೆ. ಅವಳು ಹೊರಡಲು ತಿರುಗಿದಾಗ ಸೂಜಿ ತಾತ ಕನ್ನಡಕ ತೆಗೆದು ಎದ್ದನಂತೆ. 'ಅವಳನ್ನ ಒಬ್ಬಳನ್ನೇ ಸಿಕ್ಕಿಸಿ ನಾವು ಉಣ್ಣೋ ಅನ್ನ ಮೈಗೆ ಹತ್ತುತ್ತೇನ್ರೋ' ಅಂತ ಇವರಿಗಂದು, ಹುಡುಗಿಗೆ, 'ನಾನು ಅವಳ ಜೊತೆ ಒಂದೇ ತಟ್ಟೇಲಿ ಉಂಡೆ' ಅಂದನಂತೆ.

"ಆಮೇಲೆ?"

"ಆಮೇಲೇನು, ಅವಳ ಪಕ್ಕ ನಿಂತು ಬಟ್ಟೆ ಮಡಚಿದೆ ಅಂದ್ಲು ತಂಗಿ. ಅವಳ ಕೈಯಿಂದ ಟೀ ಕುಡಿದೆ ಅಂದೆ ನಾನು. ಬಟ್ಟೆ ಗಾಡಿ ತಳ್ಳೋರು, ನೆಲ ಒರೆಸೋರು, ನಿನ್ನ ಮುಖಾನೇ ನೋಡದೋರೂ ಸಾಲಾಗಿ ಬಂದ್ರು ಅಕ್ಕ. ರೋಗಿಯ ಜೊತೆಗಿದ್ದೋರಿಗೆಲ್ಲ ಒಬ್ಬೊಬ್ಬರಿಗೂ ಕೋಣೆ ಕೊಡಬೇಕು, ಅದೇ ಕಾನೂನು ಅಂತ ಆ ಹುಡುಗಿ."

"ನನಗೆ ರೋಗಾನೇ ಇಲ್ವಲ್ಲೋ."

"ಅದು ಪರೀಕ್ಷೆ ಆಗೋವರೆಗೂ ಯಾರಿಗೂ ಗೊತ್ತಿಲ್ವಂತೆ. ನಿಧಾನಕ್ಕೆ ಆಗಲಿ ಬಿಡು."

ಅಕ್ಕ ಗೌನಿನ ತೋಳು ಬಾಯಿಗೊತ್ತಿ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

ಆ ದಿನಗಳಲ್ಲಿ ಆ ಮಹಡಿಯಲ್ಲಿ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಮಡಿಕೆ ತಂಗಿ ಬಚ್ಚಲಿನ ತೊಟ್ಟಿಗೆ ನೀರು ತುಂಬಿ ಇಳಿದವಳು, ಹೊರಗೆ ಬರಲು ಮನಸ್ಸಾಗದೆ ಅಲ್ಲಿಂದಲೇ ಎಲ್ಲರಿಗೂ ಫೋನು ಮಾಡಿದಳು. ಸೂಜಿ ತಾತನಿಗೆ ಮೆತ್ತನೆ ಹಾಸಿಗೆ ಆಗಿಬರಲಿಲ್ಲ. ನೆಲದ ಮೇಲೆ ಮಲಗಿ ಕಾಲು ಮಾತ್ರ ಹಾಸಿಗೆ ಮೇಲಿಟ್ಟ. "ನಾನು ಮಲಗದಿದ್ರೂ ಕಾಲಾದ್ರೂ ಸುಖಪಡಲಿ," ಅಂದ. ಊಟ ಬಾಗಿಲಿಗೆ ಬರುತ್ತಿತ್ತು. ಬೆಲ್ಲು ಒತ್ತಿ ತಂದವರು ಓಡುತ್ತಿದ್ದರು.

ಕೆಳಗೆ ಮಾತ್ರ ಬಟ್ಟೆ ಚಾವಣಿ ಮುಟ್ಟಿತ್ತು. ಮೇಲಿನ ಶ್ರೀಮಂತರು ಟವೆಲಿಗೆ ಕೂಗಾಡುತ್ತಿದ್ದರು. ಮಾಲೀಕ ಮ್ಯಾನೇಜರನ ಮೇಲೆ ಕೂಗಾಡಿದ. ಮ್ಯಾನೇಜರ್ ಫೋನಿನಲ್ಲಿ ಅಕ್ಕನ ಮೇಲೆ ಬಿದ್ದ.

"ಇದಕ್ಕೆಲ್ಲ ನೀನೇ ಕಾರಣ. ಎಲ್ಲರಿಗೂ ಹೇಳು, ಸಂಜೆ ಒಳಗೆ ಕೆಳಗೆ ಬರ್ಬೇಕು. ಹಿಂದಿನ ಮೆಟ್ಟಿಲಲ್ಲಿ ಬನ್ನಿ, ಯಾರಿಗೂ ಕಾಣಲ್ಲ."

"ಪಟ್ಟಿ ಕಿರುಚುತ್ತೆ ಸಾರ್."

"ಬರದಿದ್ರೆ ಒಬ್ಬರದ್ದೂ ವೀಸಾ ಮಾಡಿಸಲ್ಲ. ಎಲ್ಲರನ್ನೂ ಊರಿಗೆ ಅಟ್ಟುತೀನಿ."

ಅಕ್ಕ ಉದ್ದಣ್ಣನಿಗೆ ಫೋನು ಹಚ್ಚಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನು ಕೇಳಿದ, "ಯಾವ ವಿಮಾನದಲ್ಲಿ ಅಟ್ಟುತಾನಂತೆ?"

ಅಕ್ಕ ಆ ಮಾತನ್ನು ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ನೋಡಿದಳು. ಹೌದಲ್ಲ. ಹೋಗುವುದಕ್ಕೆ ವಿಮಾನವಿಲ್ಲ. ಇವರ ಜಾಗಕ್ಕೆ ಹೊಸಬರು ಬರುವುದಕ್ಕೂ ವಿಮಾನವಿಲ್ಲ. ಗಡಿ ತೆರೆಯುವುದು ಹಳೇ ವೀಸಾದವರಿಗೆ ಮಾತ್ರ. ಇಷ್ಟು ವರ್ಷ ಇವನು ವೀಸಾ ವೀಸಾ ಅಂತ ಹೆದರಿಸಿದ್ದು ನೀನಲ್ಲದಿದ್ದರೆ ಇನ್ನೊಬ್ಬಳು ಅನ್ನುವ ಧೈರ್ಯದ ಮೇಲೆ. ಈಗ ಆ ಇನ್ನೊಬ್ಬಳು ಎಲ್ಲಿದ್ದಾಳೆ?

ಫೋನು ತಿರುಗಿಸಿದಳು. "ಸಾರ್, ಎಲ್ಲರನ್ನೂ ಕೇಳಿದೆ. ಕಳಿಸಿಬಿಡಿ ಅಂತಿದಾರೆ. ಟಿಕೆಟ್ ಯಾವಾಗ ಮಾಡಿಸ್ತೀರಿ?"

ಮ್ಯಾನೇಜರ್ ಫೋನು ಕುಕ್ಕಿದ. ಮಾರನೆಯ ಬೆಳಗ್ಗೆ ಊಟ ತಂದಿಟ್ಟವನು ಬಾಗಿಲಾಚೆಯಿಂದ ಸುದ್ದಿ ಕೊಟ್ಟ. ಮ್ಯಾನೇಜರ್ ತೋಳು ಮಡಚಿ ಲಾಂಡ್ರಿಗೆ ಇಳಿದಿದ್ದಾನೆ, ಬಿಳಿ ಬೆಡ್‌ಶೀಟಿನ ಜೊತೆ ಕೆಂಪು ಕಾಲೊರೆಸು ಹಾಕಿದ್ದಾನೆ, ಒಂದು ಮಹಡಿಯವರೆಲ್ಲ ಈಗ ಗುಲಾಬಿ ಬಣ್ಣದ ಹಾಸಿಗೆ ಮೇಲೆ ಮಲಗಿದ್ದಾರೆ.

ಪರೀಕ್ಷೆಯಲ್ಲಿ ಯಾರಿಗೂ ರೋಗ ಕಾಣಲಿಲ್ಲ. ಕ್ವಾರಂಟೈನ್ ಮುಗಿದು ಪಟ್ಟಿ ಕತ್ತರಿಸುವ ದಿನ ಅಕ್ಕ ಆ ಅಧಿಕಾರಿ ಹುಡುಗಿಯನ್ನು ಕೇಳಿದಳು, "ಹೋಟೆಲಿನವರಿಗೆ ಏನಾಯ್ತಮ್ಮ?"

"ಎಚ್ಚರಿಕೆ ಕೊಟ್ಟಿದಾರೆ."

"ನಾವು ತಪ್ಪಿದ್ರೆ ಗಡೀಪಾರು. ಅವರು ತಪ್ಪಿದ್ರೆ ಎಚ್ಚರಿಕೆ."

ಹುಡುಗಿ ತಲೆ ತಗ್ಗಿಸಿ ಕತ್ತರಿ ಚೀಲಕ್ಕೆ ಹಾಕಿಕೊಂಡಳು. ಅವಳ ಕೈಲಿ ಇದ್ದದ್ದೂ ಅಷ್ಟೇ.

ಕೆಳಗಿಳಿದರು. ಎಲ್ಲರ ಪಾಸ್‌ಪೋರ್ಟುಗಳೂ ಇನ್ನೂ ಮ್ಯಾನೇಜರನ ಬೀರುವಿನಲ್ಲೇ ಇದ್ದವು, ವೀಸಾದ ಮಾತು ಅವನು ಎತ್ತಲಿಲ್ಲ. ಬಟ್ಟೆಯ ಬೆಟ್ಟ ಕರಗಿಸುವುದರಲ್ಲೇ ಕೆಲವು ದಿನ ಕಳೆದವು.

ಆಮೇಲೊಂದು ಸಂಜೆ ಹಿಂಬಾಗಿಲಿಗೆ ವ್ಯಾನು ಬಂತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು, ಅಕ್ಕನ ಹಾಗೆಯೇ ತನ್ನ ದೇಶದಲ್ಲಿ ಸಿಕ್ಕಿಕೊಂಡಿದ್ದವಳು, ಬ್ಯಾಗು ತಬ್ಬಿಕೊಂಡು ಇಳಿದಳು. ಮ್ಯಾನೇಜರ್ ಅವಳ ಪಾಸ್‌ಪೋರ್ಟಿಗೆ ಕೈಚಾಚಿದ. ಇನ್ನೊಂದು ಕೈಯಿಂದ ಮೆಟ್ಟಿಲು ತೋರಿಸಿದ.

"ಮೆಷಿನ್ ಹಿಂದೆ ಜಾಗ ಇದೆ. ಒಬ್ಬಳೇ ಇರ್ತೀಯ."

ಅಕ್ಕ ಆಗ ತಾನೇ ಇಸ್ತ್ರಿ ಹಾಕಿದ ಬಟ್ಟೆಯ ಗಾಡಿ ತಳ್ಳಿಕೊಂಡು ಲಿಫ್ಟಿನಲ್ಲಿ ಮೇಲೆ ಬಂದಿದ್ದಳು. ಗಾಡಿಯನ್ನು ಮೆಟ್ಟಿಲ ಬಾಯಿಗೆ ಅಡ್ಡ ನಿಲ್ಲಿಸಿದಳು. ಕೆಳಗಿನಿಂದ ಉದ್ದಣ್ಣ ತನ್ನ ಗಾಡಿ ತಂದು ಅದರ ಪಕ್ಕ ನಿಲ್ಲಿಸಿದ. ಮಡಿಕೆ ತಂಗಿ ಬಂದಳು, ಬಟ್ಟೆ ಗಾಡಿಯವರು ಬಂದರು. ಸೂಜಿ ತಾತ ತಳ್ಳಲು ಏನೂ ಇಲ್ಲದೆ ಕುರ್ಚಿಯನ್ನೇ ಎತ್ತಿಕೊಂಡು ಬಂದು, ಗಾಡಿಗಳ ಮುಂದೆ ಹಾಕಿ ಕೂತ.

"ಏನಿದು? ದಾರಿ ಬಿಡಿ."

"ಇಲ್ಲಿ ದಾರಿ ಇಲ್ಲ ಸಾರ್," ಅಂದಳು ಅಕ್ಕ. ಬಂದವಳ ಕಡೆ ತಿರುಗಿ, "ಪಾಸ್‌ಪೋರ್ಟ್ ಕೊಡಬೇಡಮ್ಮ. ಬ್ಯಾಗೊಳಗೆ ಇಟ್ಕೋ," ಅಂದಳು.

ಹೆಂಗಸು ಅವನನ್ನೂ ನೋಡಿದಳು, ಇವರನ್ನೂ ನೋಡಿದಳು. ಪಾಸ್‌ಪೋರ್ಟನ್ನು ಬ್ಯಾಗಿಗೆ ತುರುಕಿ ಜಿಪ್ಪು ಎಳೆದಳು.

"ಇದು ಚೆನ್ನಾಗಿರಲ್ಲ," ಅಂದ ಮ್ಯಾನೇಜರ್. "ಮಾಲೀಕರಿಗೆ ಹೇಳ್ತೀನಿ."

"ಹೇಳಿ ಸಾರ್. ಅಲ್ಲೀವರೆಗೆ ಗಾಡಿ ಮೇಲೂ ಹೋಗಲ್ಲ, ಕೆಳಗೂ ಹೋಗಲ್ಲ. ಅವಳ ಕೋಣೆ ಬೀಗದ ಕೈ ಕೊಡಿ."

ಯಾರೂ ಕೂಗಲಿಲ್ಲ. ಮೇಲೆ ಯಾವುದೋ ಕೋಣೆಯಿಂದ ಟವೆಲಿಗೆ ಬೆಲ್ಲು ಬಂತು. ಇನ್ನೊಂದು ಬಂತು. ಆಮೇಲೆ ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಮ್ಯಾನೇಜರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬೀಗದ ಕೈಗಳ ಹಲಗೆಯ ಕಡೆ ನಡೆದ.