ಬೀಗ ಹಾಕಿದ ಲ್ಯಾಬಿಗೆ ‘ಅತ್ಯುತ್ತಮ’

ಕುಲಶೇಖರದಲ್ಲಿ ಸಿದ್ದೀಕರ ಅಂಗಡಿ ಉಂಟು. ಮಿಕ್ಸಿ, ಕುಕ್ಕರ್, ಫ್ಯಾನ್ ಮಾರುತ್ತಾರೆ. ಮಾರಿದ ವಸ್ತುವಿನ ಜೊತೆ ಒಂದು ಮಾತನ್ನೂ ಕಟ್ಟಿಕೊಡುತ್ತಾರೆ: “ತೊಂದರೆ ಬಂದ್ರೆ ತನ್ನಿ, ನಾನಿದ್ದೇನೆ.” ಅವರ ತಂದೆಯ ಕಾಲದಿಂದಲೂ ಆ ಅಂಗಡಿ ನಿಂತಿರುವುದು ಆ ಮಾತಿನ ಮೇಲೆ.

ಒಂದು ಸಂಜೆ ಬರ್ನಡೆಟ್ ಟೀಚರ್ ಚೀಲದಲ್ಲಿ ಮಿಕ್ಸಿ ಹಿಡಿದುಕೊಂಡು ಬಂದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ಸಿದ್ದೀಕರ ಹಳೆಯ ಗಿರಾಕಿ.

“ಸಿದ್ದೀಕ್, ಇದು ಅರೆಯುವುದಿಲ್ಲ. ಬೊಬ್ಬೆ ಮಾತ್ರ ಹಾಕ್ತದೆ.”

“ತೆಗೊಂಡು ಎಷ್ಟು ದಿನ ಆಯ್ತು ಟೀಚರ್? ತಿಂಗಳೂ ಆಗ್ಲಿಲ್ಲ. ಬಿಡಿ, ಬೇರೆ ಕೊಡ್ತೇನೆ.”

ಅವರು ಬಿಲ್ ಕೂಡ ಕೇಳಲಿಲ್ಲ. ಹೊಸ ಮಿಕ್ಸಿಯನ್ನು ಹೊರತೆಗೆದು, ಪ್ಲಗ್ ಹಾಕಿ, ತಿರುಗಿಸಿ ತೋರಿಸಿದರು. ಅಷ್ಟರಲ್ಲಿ ಮಗಳು ಮುಫೀದಾ ಕಾಲೇಜಿನಿಂದ ಬಂದು ಒಳಗಿನ ಸ್ಟೂಲಿನಲ್ಲಿ ಕುಳಿತಳು. ಬ್ಯಾಗನ್ನೂ ಕೆಳಗಿಡಲಿಲ್ಲ. ಅವಳು ಆಹಾರ ತಂತ್ರಜ್ಞಾನದ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ.

“ಎಂತ ಮೋಳೇ, ಮುಖ ಇಷ್ಟು ಸಣ್ಣ?” ಎಂದು ಸಿದ್ದೀಕ್ ಮಗಳನ್ನು ಕೇಳಿದರು.

“ಬೈಕಂಪಾಡಿಯ ಆಹಾರದ ಫ್ಯಾಕ್ಟರಿಯವರು ಪರೀಕ್ಷೆ ಆದ ಮೇಲೆ ಟ್ರೈನಿಗಳನ್ನು ತೆಗೊಳ್ತಾರಂತೆ ಉಪ್ಪ. ಕ್ವಾಲಿಟಿ ವಿಭಾಗಕ್ಕೆ. ಬಾಯಲ್ಲಿ ಪ್ರಶ್ನೆ ಕೇಳುವುದಿಲ್ಲ. ಒಂದು ಸ್ಯಾಂಪಲ್ ಕೊಡ್ತಾರೆ. ಅದ್ರಲ್ಲಿ ಪ್ರೋಟೀನ್ ಎಷ್ಟುಂಟು ಅಂತ ಮೆಷಿನಿನಲ್ಲಿ ನೋಡಿ ಹೇಳ್ಬೇಕು.”

“ನೋಡಿ ಹೇಳು. ಅದನ್ನೇ ಅಲ್ವಾ ಕಲಿತದ್ದು?”

“ಆ ಮೆಷಿನನ್ನು ನಾನು ಇವತ್ತಿನವರೆಗೆ ಮುಟ್ಲಿಲ್ಲ. ಹಳದಿ ಬಟ್ಟೆ ಮುಚ್ಚಿಟ್ಟಿದ್ದಾರೆ. ಲ್ಯಾಬಿಗೆ ಬೀಗ. ಪುಸ್ತಕದಲ್ಲಿ ಅದರ ಚಿತ್ರ ಉಂಟು. ಅದನ್ನೇ ನೋಡಿ ಬರೀತೇವೆ.”

ಸಿದ್ದೀಕರಿಗೆ ಅರ್ಥವಾಗಲಿಲ್ಲ. “ಕಾಲೇಜು ಒಳ್ಳೇದುಂಟಲ್ಲ ಮಾರಾಯ್ತಿ! ಕಳೆದ ವರ್ಷ ಪೋಷಕರ ಸಭೆಯಲ್ಲಿ ನಾನೇ ಬರೆದುಕೊಟ್ಟಿದ್ದೇನೆ. ಪಾಠ ಅತ್ಯುತ್ತಮ, ಗ್ರಂಥಾಲಯ ಅತ್ಯುತ್ತಮ, ಲ್ಯಾಬ್ ಅತ್ಯುತ್ತಮ.”

“ಲ್ಯಾಬ್ ನೋಡಿದ್ರಾ ನೀವು?” ಎಂದು ಬರ್ನಡೆಟ್ ಟೀಚರ್ ಕೇಳಿದರು.

“ಇಲ್ಲ. ಕಟ್ಲೆಟ್, ಚಾ ಕೊಟ್ರು. ಆಮೇಲೆ ಕಾಗದ ಕೊಟ್ರು. ತಿಂದ ಮನೆಯಲ್ಲಿ ಕುಳಿತು ಉಪ್ಪು ಕಡಿಮೆ ಅಂತ ಹೇಳ್ಲಿಕ್ಕುಂಟಾ ಟೀಚರ್? ಮದುವೆಗೆ ಹೋದ್ರೂ ನಾವು ಬಿರಿಯಾನಿ ಚೆನ್ನಾಗಿತ್ತು ಅಂತಲೇ ಹೇಳಿ ಬರುವುದು.”

“ನೀನೆಂತ ಬರೆದಿ ಮುಫೀದಾ?”

ಮುಫೀದಾ ಬ್ಯಾಗಿನ ಪಟ್ಟಿ ತಿರುಚಿದಳು. “ನಾನೂ ಅದೇ. ಕ್ಲಾಸಿನವರೆಲ್ಲ ಅದೇ. ಆನ್‌ಲೈನಿನಲ್ಲಿ ನಮ್ಮ ರಿಜಿಸ್ಟರ್ ನಂಬರ್ ಹಾಕಿಯೇ ತುಂಬಬೇಕು. ಇಂಟರ್ನಲ್ ಮಾರ್ಕ್ ಅವರ ಕೈಯಲ್ಲಿ ಉಂಟಲ್ಲ.”

“ಸಾಯ್ಬಾ, ದೇವರೇ!” ಎಂದರು ಟೀಚರ್. ಹೊಸ ಮಿಕ್ಸಿ ಹಿಡಿದುಕೊಂಡು ಹೊರಟರು.

ಆ ರಾತ್ರಿ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸಿದ್ದೀಕ್ ಕಾಟಿಪಳ್ಳದ ಮನೆಗೆ ಹೊರಟರು. ಬೈಕಂಪಾಡಿ ಬಂತು. ಬೇರೆ ದಿನವಾಗಿದ್ದರೆ ಮುಫೀದಾ “ಅಗೋ ಉಪ್ಪ, ನನ್ನ ಫ್ಯಾಕ್ಟರಿ” ಎಂದು ಕೈ ತೋರಿಸುವವಳು. ಅಂದು ಆಚೆ ಬದಿಗೆ ಮುಖ ತಿರುಗಿಸಿ ಕುಳಿತಿದ್ದಳು. ಸಿದ್ದೀಕ್ ಅದನ್ನು ಕನ್ನಡಿಯಲ್ಲಿ ನೋಡಿದರು.

ಮರುದಿನ ಅವರು ಅಂಗಡಿಯನ್ನು ಕೆಲಸದವನಿಗೆ ಬಿಟ್ಟು ಕಾಲೇಜಿಗೆ ಹೋದರು. ಕೈಯಲ್ಲಿ ಪ್ರವೇಶದ ಸಮಯದಲ್ಲಿ ಕೊಟ್ಟ ಬಣ್ಣದ ಪುಸ್ತಿಕೆ ಇತ್ತು. ಅದರಲ್ಲಿ ಲ್ಯಾಬಿನ ಚಿತ್ರವಿತ್ತು, ಯಂತ್ರದ ಹೆಸರಿತ್ತು, ‘ಪ್ರತಿ ವಿದ್ಯಾರ್ಥಿಗೂ ಪ್ರಾಯೋಗಿಕ ತರಬೇತಿ’ ಎಂಬ ಸಾಲಿತ್ತು. ಸಿದ್ದೀಕರ ಲೆಕ್ಕದಲ್ಲಿ ಅದು ವಾರಂಟಿ ಕಾರ್ಡ್.

ವಿಭಾಗದ ಮುಖ್ಯಸ್ಥರು ಡೆರಿಲ್ ಸರ್. ಅವರು ಎದ್ದು ನಿಂತು ಕುರ್ಚಿ ತೋರಿಸಿದರು.

“ಸರ್, ನಾನು ಅಂಗಡಿಯವ. ನೇರ ಮಾತಾಡ್ತೇನೆ. ತೋರಿಸಿದ್ದು ಒಂದು, ಕೊಟ್ಟದ್ದು ಇನ್ನೊಂದು. ನನ್ನ ಅಂಗಡಿಯಲ್ಲಾದ್ರೆ ಬದಲಿ ಕೊಡ್ತೇನೆ. ನೀವು ಎಂತ ಕೊಡ್ತೀರಿ?”

ಡೆರಿಲ್ ಸರ್ ಬೈಯಲಿಲ್ಲ. ಹಣೆ ಉಜ್ಜಿಕೊಂಡರು.

“ಸಿದ್ದೀಕ್, ಲ್ಯಾಬಿನ ಟೆಕ್ನಿಷಿಯನ್ ಕೆಲಸ ಬಿಟ್ಟು ಗಲ್ಫಿಗೆ ಹೋದ. ಮೆಷಿನಿಗೆ ಸರ್ವಿಸ್ ಆಗ್ಲಿಲ್ಲ. ಅದರಲ್ಲಿ ಕುದಿಯುವ ಆಸಿಡ್ ಉಂಟು, ಮಕ್ಕಳನ್ನು ಸುಮ್ಮನೆ ಬಿಡ್ಲಿಕ್ಕಾಗುವುದಿಲ್ಲ. ಹೊಸ ಜನ ಬೇಕು ಅಂತ ಆಡಳಿತ ಮಂಡಳಿಗೆ ನಾನೇ ಎರಡು ಸಲ ಬರೆದೆ.”

“ಮತ್ತೆ?”

“ಅವರು ನನಗೆ ಫೀಡ್‌ಬ್ಯಾಕ್ ತೋರಿಸಿದ್ರು. ಮಕ್ಕಳು ಬರೆದದ್ದು: ಲ್ಯಾಬ್ ಅತ್ಯುತ್ತಮ. ಪೋಷಕರು ಬರೆದದ್ದು: ಲ್ಯಾಬ್ ಅತ್ಯುತ್ತಮ. ‘ಎಲ್ಲರೂ ಖುಷಿಯಲ್ಲಿದ್ದಾರೆ, ನಿಮಗೊಬ್ಬರಿಗೇ ಎಂತ ತೊಂದರೆ’ ಅಂತ ಕೇಳಿದ್ರು.”

ಜಗಳಕ್ಕೆಂದು ಬಂದ ಸಿದ್ದೀಕರಿಗೆ ಈಗ ಎದುರಾಳಿ ಯಾರೆಂದೇ ತಿಳಿಯಲಿಲ್ಲ. ಡೆರಿಲ್ ಸರ್ ತನ್ನ ಕಡೆಯವರೋ, ಆಚೆ ಕಡೆಯವರೋ? ಕಟ್ಲೆಟ್ ತಿಂದ ಸಿದ್ದೀಕ್ ಯಾರ ಕಡೆಯವರು? ಪುಸ್ತಿಕೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹಿಂದೆ ಬಂದರು.

ಸಂಜೆ ಮುಫೀದಾಳನ್ನೂ ಕರೆದುಕೊಂಡು ಬರ್ನಡೆಟ್ ಟೀಚರ ಮನೆಗೆ ಹೋದರು.

“ಟೀಚರ್, ನಾನು ಗ್ರಾಹಕರ ಕೋರ್ಟಿಗೆ ಹೋಗ್ತೇನೆ. ಫೀಸ್ ಕೊಟ್ಟಿದ್ದೇನೆ, ರಸೀದಿ ಉಂಟು. ನನ್ನ ಮಗಳು ಗಿರಾಕಿ ಹೌದೋ ಅಲ್ವೋ?”

“ಹೌದು ಅಂತಲೂ ಹೇಳ್ಲಿಕ್ಕಾಗುವುದಿಲ್ಲ, ಅಲ್ಲ ಅಂತಲೂ ಹೇಳ್ಲಿಕ್ಕಾಗುವುದಿಲ್ಲ.”

“ಇದೆಂತ ಉತ್ತರ ಮಾರಾಯ್ರೇ!”

“ಸರಿಯಾದ ಉತ್ತರವೇ ಹಾಗೆ. ಕಾಲೇಜು, ವಿಶ್ವವಿದ್ಯಾಲಯ ಪಾಠ ಮಾಡುವುದು, ಪರೀಕ್ಷೆ ನಡೆಸುವುದು ಗ್ರಾಹಕ ಕಾನೂನಿನಲ್ಲಿ ಬರುವ ಸೇವೆ ಅಲ್ಲ ಅಂತ ಸುಪ್ರೀಂ ಕೋರ್ಟಿನ ತೀರ್ಪುಗಳು ಉಂಟು. ಬೇರೆ ರೀತಿ ಹೇಳಿದ ತೀರ್ಪುಗಳೂ ಉಂಟು. ಆ ಚರ್ಚೆ ಮುಗಿದಿಲ್ಲ. ಅಲ್ಲಿ ಹೋಗಿ ನಿಂತ್ರೆ ಮೊದಲು ‘ನೀನು ಗಿರಾಕಿಯಾ’ ಅಂತ ವಾದ ಆಗ್ತದೆ. ಅದು ಮುಗಿಯುವಾಗ ಮುಫೀದಾನ ಪರೀಕ್ಷೆಯೂ ಮುಗಿದಿರ್ತದೆ.”

“ಹಾಗಾದ್ರೆ ಬಾಯಿ ಮುಚ್ಚಿ ಕೂರ್ಬೇಕಾ?”

“ಇಲ್ಲ. ನೀವು ಮಿಕ್ಸಿ ಮಾರ್ತೀರಲ್ಲ, ಚಟ್ನಿಯನ್ನೂ ಅರೆದು ಕೊಡ್ತೀರಾ?”

“ಅದು ಹೇಗೆ? ಚಟ್ನಿ ಅರೆಯುವುದು ನಿಮ್ಮ ಕೆಲಸ.”

“ಅದೇ. ಪದವಿಯೂ ಹಾಗೆ, ಅಂಗಡಿಯಲ್ಲಿ ಸಿಗುವ ವಸ್ತು ಅಲ್ಲ. ಓದುವುದು ಮುಫೀದಾನ ಕೆಲಸ. ಫೀಸ್ ಕೊಟ್ಟಿದ್ದೇವೆ, ಮಾರ್ಕ್ ಕೊಡಿ ಅಂತ ಕೇಳ್ಲಿಕ್ಕಿಲ್ಲ.”

ಸಿದ್ದೀಕರ ತಲೆಯಲ್ಲಿ ಯಾವುದೋ ಒಂದು ತಂತಿ ಸೇರಿದ ಹಾಗಾಯಿತು.

“ಚಟ್ನಿ ನಾವೇ ಅರೀತೇವೆ ಟೀಚರ್. ಆದ್ರೆ ಮಿಕ್ಸಿ ತಿರುಗ್ಬೇಕಲ್ಲ?”

“ಈಗ ಸರಿಯಾದ ಪ್ರಶ್ನೆ ಕೇಳಿದ್ರಿ!” ಟೀಚರ್ ನಕ್ಕರು. “ಮಿಕ್ಸಿ ತಿರುಗ್ಬೇಕು ಅಂತ ಕೇಳ್ಲಿಕ್ಕೆ ವಿದ್ಯಾರ್ಥಿಗೆ ಅವಳದ್ದೇ ಬಾಗಿಲು ಉಂಟು. 2023ರಲ್ಲಿ ಯುಜಿಸಿ ನಿಯಮ ಮಾಡಿದೆ. ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ಕೇಳುವ ಸಮಿತಿ ಇರ್ಬೇಕು. ಪ್ರವೇಶದ ಸಮಯದಲ್ಲಿ ಮಾತು ಕೊಟ್ಟ ಗುಣಮಟ್ಟದ ಶಿಕ್ಷಣ ಸಿಗದಿದ್ರೆ, ಸೌಲಭ್ಯ ಸಿಗದಿದ್ರೆ, ಮೂಲ ದಾಖಲೆ ಹಿಂದೆ ಕೊಡದಿದ್ರೆ ಅಲ್ಲಿ ದೂರು ಕೊಡಬಹುದು. ಸಮಿತಿ ಹದಿನೈದು ಕೆಲಸದ ದಿನದ ಒಳಗೆ ವರದಿ ಕೊಡ್ಬೇಕು.”

“ಕೊಡದಿದ್ರೆ? ಅಥವಾ ಅವರು ಹೇಳಿದ್ದು ನಮಗೆ ಸರಿ ಕಾಣದಿದ್ರೆ?”

“ವಿಶ್ವವಿದ್ಯಾಲಯ ನೇಮಿಸಿದ ಒಂಬುಡ್ಸ್‌ಪರ್ಸನ್ ಇರ್ತಾರೆ. ಅಂದ್ರೆ ಮೇಲ್ಮನವಿ ಕೇಳುವವರು. ಸಮಿತಿಯ ತೀರ್ಮಾನ ಕೈಗೆ ಬಂದ ಹದಿನೈದು ದಿನದ ಒಳಗೆ ಅವರ ಹತ್ರ ಹೋಗಬಹುದು. ಆದರೆ ಮಾರ್ಕ್ ಕಡಿಮೆ ಬಂತು, ಮರುಎಣಿಕೆ ಮಾಡಿ ಅಂತ ಸುಮ್ಮನೆ ಅವರ ಹತ್ರ ಹೋಗ್ಲಿಕ್ಕಿಲ್ಲ. ಸುಳ್ಳು ದೂರು ಕೊಟ್ರೆ ಅದಕ್ಕೂ ಕ್ರಮ ಉಂಟು.”

ಸಿದ್ದೀಕ್ ಮಗಳ ಮುಖ ನೋಡಿದರು. “ಬೇಡ ಮೋಳೇ. ನಾಳೆ ಮಾರ್ಕಿಗೆ ಕತ್ತರಿ ಹಾಕಿದ್ರೆ? ವ್ಯಾಪಾರದಲ್ಲಿ ಒಂದು ಮಾತುಂಟು, ದಿನಾ ಮುಖ ನೋಡುವವನ ಮೇಲೆ ಕಾಗದ ಬರೀಬಾರದು.”

“ಉಪ್ಪ, ನಿಮ್ಮ ಗಿರಾಕಿ ಮಿಕ್ಸಿ ಸರಿ ಇಲ್ಲ ಅಂತ ನಿಮಗೇ ಬಂದು ಹೇಳ್ತಾರಲ್ಲ, ನಿಮಗೆ ಸಿಟ್ಟು ಬರ್ತದಾ?”

“ಯಾಕೆ ಸಿಟ್ಟು? ಹೇಳಿದ್ರೆ ಸರಿ ಮಾಡಬಹುದು. ಹೇಳದೆ ಬೇರೆ ಅಂಗಡಿಗೆ ಹೋಗುವವರದ್ದೇ ನನಗೆ ಹೆದರಿಕೆ…” ಸಿದ್ದೀಕ್ ಅರ್ಧಕ್ಕೆ ನಿಲ್ಲಿಸಿದರು. ತನ್ನ ಮಾತು ತನಗೇ ತಿರುಗಿ ಬಂದಿತ್ತು.

“ಮಾರ್ಕಿನ ಹೆದರಿಕೆ ಸುಳ್ಳಲ್ಲ ಸಿದ್ದೀಕ್,” ಎಂದರು ಟೀಚರ್. “ನಾನು ಅಂಥ ಸಮಿತಿಯಲ್ಲಿ ಕೂತವಳು. ಒಬ್ಬಳೇ ಹೋಗುವುದು ಬೇಡ, ಕ್ಲಾಸಿನವರು ಸೇರಿ ಹೋಗಲಿ. ಬೈಗುಳ ಬೇಡ, ಹೆಸರು ಹಿಡಿದು ಆರೋಪ ಬೇಡ. ಪುಸ್ತಿಕೆಯಲ್ಲಿ ಎಂತ ಹೇಳಿದ್ರು, ಲ್ಯಾಬಿನಲ್ಲಿ ಎಂತ ಉಂಟು, ನಮಗೆ ಎಂತ ಬೇಕು, ಅಷ್ಟೇ. ಪ್ರತಿ ಇಟ್ಟುಕೊಳ್ಳಿ, ಸ್ವೀಕೃತಿ ತೆಗೊಳ್ಳಿ. ಮತ್ತೆ, ಫೀಡ್‌ಬ್ಯಾಕಿನಲ್ಲಿ ನಿಜ ಬರೆಯಲಿಲ್ಲ ಅಂತಲೂ ಬರೀರಿ.”

“ಅದನ್ನೂ?”

“ಅದನ್ನೇ ಮೊದಲು. ಇಲ್ಲದಿದ್ರೆ ಅವರು ಅದನ್ನೇ ನಿಮ್ಮ ಮುಂದೆ ಹಿಡೀತಾರೆ.”

ಮುಫೀದಾ ಅಲ್ಲೇ ಕುಳಿತು ಬರೆದಳು. ಮರುದಿನ ಗೆಳತಿ ಶರ್ಲಿ ಮೊದಲು ಸಹಿ ಹಾಕಿದಳು. ಕೆಲವರು ಹಾಕಿದರು, ಕೆಲವರು “ನೋಡುವ” ಎಂದು ಜಾರಿಕೊಂಡರು. ಅರ್ಧ ಕ್ಲಾಸಿನ ಸಹಿ ಬಂತು. ಅಷ್ಟೇ ಇಟ್ಟುಕೊಂಡು ಕಾಲೇಜಿನ ಪೋರ್ಟಲಿನಲ್ಲಿ ದೂರು ಹಾಕಿದರು.

ಸಮಿತಿ ಕರೆಯಿತು. ಒಬ್ಬ ಸದಸ್ಯರು ನೇರವಾಗಿ ಕೇಳಿದರು: “ಕಳೆದ ವರ್ಷ ಅತ್ಯುತ್ತಮ, ಈ ವರ್ಷ ದೂರು. ಯಾವುದನ್ನು ನಂಬಬೇಕು?”

ಮುಫೀದಾ ಎದ್ದು ನಿಂತು ಹೇಳಿದಳು. “ಇದನ್ನು ನಂಬಿ ಸರ್. ಅದನ್ನು ಹೆದರಿ ಬರೆದೆವು.”

ಡೆರಿಲ್ ಸರ್ ತಾನು ಬರೆದಿದ್ದ ಎರಡು ಮನವಿಗಳನ್ನೂ ಮೇಜಿನ ಮೇಲಿಟ್ಟರು. ಸಮಿತಿಯವರು ಎದ್ದು ಲ್ಯಾಬಿಗೇ ಹೋದರು. ಬೀಗ ತೆಗೆಸಿದರು. ಹಳದಿ ಬಟ್ಟೆ ಎತ್ತಿದಾಗ ಎಲ್ಲರಿಗೂ ಸೀನು ಬಂತು.

ಗಡುವಿನೊಳಗೆ ವರದಿ ಬಂತು. ಯಂತ್ರಕ್ಕೆ ಸರ್ವಿಸ್ ಆಯಿತು, ಹೊಸ ಟೆಕ್ನಿಷಿಯನ್ ಬಂದರು. ಲ್ಯಾಬ್ ಇಲ್ಲದೆ ಕಳೆದುಹೋದ ವರ್ಷ ಮಾತ್ರ ಹಿಂದೆ ಬರಲಿಲ್ಲ. ಅದಕ್ಕೆ ಯಾವ ಸಮಿತಿಯಲ್ಲೂ ಬದಲಿ ಇಲ್ಲ. ಸಂಜೆ ತರಗತಿ ಮುಗಿದ ಮೇಲೂ ಲ್ಯಾಬ್ ತೆರೆದಿಡುವುದಕ್ಕೆ ಡೆರಿಲ್ ಸರ್ ಒಪ್ಪಿದರು. ಸಹಿ ಹಾಕದವರೂ ಬಂದು ಸಾಲಿನಲ್ಲಿ ನಿಂತರು.

“ಸಹಿಗೆ ‘ನೋಡುವ’ ಅಂದವರು ಈಗ ನೋಡ್ಲಿಕ್ಕೆ ಬಂದ್ರಾ?” ಎಂದು ಶರ್ಲಿ ತಮಾಷೆ ಮಾಡಿದಳು. ಮಾಡಿ, ಜಾಗವನ್ನೂ ಬಿಟ್ಟಳು.

ಪರೀಕ್ಷೆ ಮುಗಿದ ಮೇಲೆ ಬೈಕಂಪಾಡಿಯ ಕಾರ್ಖಾನೆಯಲ್ಲಿ ಮುಫೀದಾಳ ಮುಂದೆ ಒಂದು ಹಿಡಿ ಹಿಟ್ಟು ಇಟ್ಟರು. ಮೊದಲ ಸಲ ಅಳತೆ ತಪ್ಪಿ ಸ್ಯಾಂಪಲ್ ಹಾಳಾಯಿತು. “ಇನ್ನೊಂದು ಸಲ ಮಾಡಬಹುದಾ?” ಎಂದು ಕೇಳಿದಳು. ಕೇಳುವುದು ಅವಳಿಗೆ ಆಗ ಅಭ್ಯಾಸವಾಗಿತ್ತು. ಎರಡನೆಯ ಸಲದ ಉತ್ತರ ಸರಿ ಬಂತು. ಕೆಲಸಕ್ಕೆ ಬರಲು ಹೇಳಿದರು.

ಆ ವಾರವೇ ಹೊರಹೋಗುವ ಮಕ್ಕಳ ಪೋಷಕರ ಸಭೆ. ಕಟ್ಲೆಟ್ ಬಂತು, ಚಾ ಬಂತು, ಕಾಗದ ಬಂತು. ಸಿದ್ದೀಕ್ ಕಟ್ಲೆಟನ್ನು ಬದಿಗಿಟ್ಟು, “ಸ್ವಲ್ಪ ನಿಲ್ಲಿ, ನಾನು ನೋಡಿ ಬರ್ತೇನೆ” ಎಂದು ಎದ್ದರು. ಲ್ಯಾಬ್ ನೋಡಿದರು, ಗ್ರಂಥಾಲಯ ನೋಡಿದರು, ಮಹಡಿಯ ಕುಡಿಯುವ ನೀರಿನ ನಲ್ಲಿ ತಿರುಗಿಸಿದರು. ಹಿಂದೆ ಬಂದು ಬರೆದರು: ಲ್ಯಾಬ್ ಈಗ ಉತ್ತಮ. ಗ್ರಂಥಾಲಯ ಪರವಾಗಿಲ್ಲ. ನಲ್ಲಿಯಲ್ಲಿ ನೀರಿಲ್ಲ.

ಕಾಗದ ಕೊಡುವಾಗ ಡೆರಿಲ್ ಸರ್ ಅದನ್ನು ಓದಿ ಕೈಕುಲುಕಿದರು. ಮಗಳು ಗಿರಾಕಿಯೋ ಅಲ್ಲವೋ ಎಂಬುದು ಸಿದ್ದೀಕರಿಗೆ ಇನ್ನೂ ಪೂರ್ತಿ ತಿಳಿದಿಲ್ಲ. “ಕೋರ್ಟಿಗೇ ತಿಳಿದಿಲ್ಲ, ನನಗೆಲ್ಲಿಂದ?” ಎನ್ನುತ್ತಾರೆ. ತಣ್ಣಗಾದ ಕಟ್ಲೆಟನ್ನು ಮಾತ್ರ ಅವರು ಅಂದು ಬಿಡದೆ ತಿಂದರು. ಉಪ್ಪು ಸ್ವಲ್ಪ ಕಡಿಮೆ ಇತ್ತು. ಅದನ್ನೂ ಹೇಳಿ ಬಂದರು.

ಓದುಗರೇ, ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವವರು ಇರಬಹುದು. ಇವತ್ತು ಊಟಕ್ಕೆ ಕುಳಿತಾಗ ‘ಮಾರ್ಕ್ ಎಷ್ಟು’ ಎಂದು ಕೇಳುವ ಮೊದಲು ‘ಲ್ಯಾಬ್ ತೆರೆದಿತ್ತಾ’ ಎಂದು ಕೇಳಿ. ಪ್ರವೇಶದ ಪುಸ್ತಿಕೆಯನ್ನು ರದ್ದಿಗೆ ಹಾಕಬೇಡಿ. ಕಾಲೇಜಿನ ಕುಂದುಕೊರತೆ ಸಮಿತಿ ಯಾವುದು, ಅದರ ಪೋರ್ಟಲ್ ಎಲ್ಲಿದೆ ಎಂದು ತೊಂದರೆ ಬರುವ ಮೊದಲೇ ತಿಳಿದುಕೊಳ್ಳಿ. ಅಭಿಪ್ರಾಯದ ಕಾಗದ ಕೈಗೆ ಬಂದಾಗ ಎದ್ದು ಹೋಗಿ ನೋಡಿ, ಕಂಡದ್ದನ್ನು ಬರೆಯಿರಿ. ನೀವು ದಾಕ್ಷಿಣ್ಯಕ್ಕೆ ಹಾಕುವ ಒಂದು ‘ಅತ್ಯುತ್ತಮ’, ನಿಮ್ಮದೇ ಮಗುವಿನ ಲ್ಯಾಬಿಗೆ ಇನ್ನೊಂದು ಬೀಗ.