ಶೇಷಪ್ಪ ಕಲಿತ ದೊಣ್ಣೆವರಸೆ

ಕುಸ್ತಿ ಕಲಿಯುವುದಾದರೆ ಸೊರಬದ ಗರಡಿಯಲ್ಲಿ ತಿಂಗಳಿಗೆ ಒಂದೇ ರೂಪಾಯಿ. ಆದರೆ ಅದರ ಹಿಂದೆ ದಿನಕ್ಕೆರಡು ಸೇರು ಹಾಲು, ತುಪ್ಪ, ಬಾದಾಮಿ, ಏನಿಲ್ಲವೆಂದರೂ ಮೂರು ವರ್ಷ. ಶಿಕಾರಿಪುರದ ಪರಮಶಿವಪ್ಪನವರ ಗರಡಿಯಲ್ಲಿ ದೊಣ್ಣೆವರಸೆಗೆ ಹದಿನೈದು ರೂಪಾಯಿ, ಒಂದು ಜೊತೆ ಪಂಚೆ, ತೆಂಗಿನಕಾಯಿ. ಸುಗ್ಗಿ ಮುಗಿದ ಮೇಲೆ ನಾಲ್ಕೇ ತಿಂಗಳು. ಹೊಸಬಾಳೆಯ ಶೇಷಪ್ಪ ಎರಡನ್ನೂ ತೂಗಿ ನೋಡಿ ದೊಣ್ಣೆಯನ್ನೇ ಆರಿಸಿದ. ಮೂರು ವರ್ಷ ಕಾದರೆ ಗದ್ದೆಯೇ ಉಳಿಯುವಂತಿರಲಿಲ್ಲ.

ಪಕ್ಕದ ಗದ್ದೆಯ ರಾಜಪ್ಪ ಪ್ರತಿ ಉಳುಮೆಗೂ ಬದುವನ್ನು ಎರಡು ಮೊಳ ಇತ್ತ ತಳ್ಳುತ್ತಿದ್ದ. ಕೇಳಿದರೆ ಕೆನ್ನೆಗೆ ಬಾರಿಸುತ್ತಿದ್ದ. ಹೋದ ಸಲ ಶೇಷಪ್ಪನನ್ನು ಹೆಂಡತಿಯ ಎದುರಿಗೇ ಕೆಸರಿಗೆ ಕೆಡವಿ ಕತ್ತಿನ ಮೇಲೆ ಕಾಲಿಟ್ಟಿದ್ದ.

"ಆ ಗರಡೀಲಿ ಮೊದ್ಲು ಯಾರ್ಯಾರು ಕಲ್ತಾರೆ ಅಂತ ಕೇಳ್ಕೊಂಡು ಸೇರ್ರಿ," ಎಂದಳು ಹೆಂಡತಿ ಹೂವಮ್ಮ.

"ಕೇಳ್ತಾ ಹೋದ್ರೆ ಸುದ್ದಿ ಅವನ ಕಿವಿಗೆ ಬೀಳಲ್ವೇನೇ? ನೀ ಸುಮ್ನಿರು."

ಮೊದಲ ದಿನ ಪರಮಶಿವಪ್ಪನವರು ಹುಚ್ಚರಾಯಸ್ವಾಮಿಯ ಹೆಸರಲ್ಲಿ ಕರ್ಪೂರ ಹಚ್ಚಿ ಆಣೆ ಇಡಿಸಿದರು: ಈ ಗರಡಿಯ ಮಣ್ಣು ಹಣೆಗಿಟ್ಟವನ ಮೇಲಾಗಲಿ, ಅವನ ಮನೆಯವರ ಮೇಲಾಗಲಿ ಕೈ ಎತ್ತುವುದಿಲ್ಲ. ಶೇಷಪ್ಪ ಹಿಂದೆಮುಂದೆ ನೋಡದೆ ಕರ್ಪೂರ ಮುಟ್ಟಿದ. ಶಿಕಾರಿಪುರದವರ ಜೊತೆ ತನಗೇನು ಜಗಳ?

ನಾಲ್ಕು ತಿಂಗಳಲ್ಲಿ ಅವನ ಕೈ ಚೆನ್ನಾಗಿಯೇ ಕುದುರಿತು. ಮುಂಗಾರಿನ ಮೊದಲ ಉಳುಮೆಗೆ ರಾಜಪ್ಪನ ನೇಗಿಲು ಬದು ದಾಟಿದಾಗ ಅವನು ಹೋಗಿ ಅಡ್ಡ ನಿಂತ.

"ಏನಲೇ ಶೇಷ, ದೊಣ್ಣೆ ಹಿಡ್ಕಂಡು ಎಮ್ಮೆ ಕಾಯಾಕೆ ಹೊಂಟೀಯಾ?"

ಶೇಷಪ್ಪ ಗುರುಗಳು ಹೇಳಿಕೊಟ್ಟಂತೆ ಮಣ್ಣು ಮುಟ್ಟಿ ಹಣೆಗಿಟ್ಟು, ದೊಣ್ಣೆಯನ್ನು ಎಡದಿಂದ ಮೂರು ಸುತ್ತು ತಿರುಗಿಸಿ ಸಲಾಮಿ ಮಾಡಿದ.

ರಾಜಪ್ಪ ನೇಗಿಲು ಬಿಟ್ಟ. ಕೈಯಲ್ಲಿದ್ದ ಬಾರುಕೋಲನ್ನೇ ಎಡದಿಂದ ಮೂರು ಸುತ್ತು ತಿರುಗಿಸಿ, ಅದೇ ಸಲಾಮಿ ಹಾಕಿ, ಬಿದ್ದು ಬಿದ್ದು ನಕ್ಕ.

"ಪರಮಶಿವಪ್ಪೋರ ಶಿಷ್ಯನೇನೋ! ಆ ಗರಡೀಲಿ ನಾ ನಿನಗಿಂತ ಎಂಟು ವರ್ಷ ಹಿರಿಯ ಕಣಲೇ. ಬಾ, ಅಣ್ಣನ ಕಾಲು ಮುಟ್ಟು."

ಶೇಷಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಹೆದರಬ್ಯಾಡ, ಆಣೆ ನಂಗೂ ಐತೆ. ನಿನ್ನ ಮೈ ಮುಟ್ಟಲ್ಲ." ರಾಜಪ್ಪ ಎತ್ತಿನ ಹಗ್ಗ ಹಿಡಿದು ನಿಂತಿದ್ದ ಮಗನ ಕಡೆ ತಿರುಗಿದ. "ರಾಮಾ, ನೀ ಯಾವ ಗರಡಿಗೂ ಹೋಗಿಲ್ಲ ಅಲ್ಲೇನೋ?"

"ಇಲ್ಲಪ್ಪ," ಎಂದು ರಾಮಪ್ಪ ನಗುತ್ತಾ ಬಾರುಕೋಲು ಇಸಕೊಂಡ.

ಅವನು ಆಣೆ ಇಟ್ಟವನಲ್ಲ. ಆದರೆ ಆಣೆ ಇಟ್ಟವನ ಮಗ. ಏಟು ಎಲ್ಲಿಂದ ಬರುತ್ತದೆ, ಹುಡುಗನ ಮೊಣಕಾಲು ಎಲ್ಲಿ ಬಯಲಾಗಿದೆ, ಎಲ್ಲವೂ ಶೇಷಪ್ಪನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಹೊಡೀರಿ! ಆ ಪಾಪ ನಂಗೇ ಬರ್ಲಿ, ಹೊಡೀರಿ!" ಎಂದು ಹೂವಮ್ಮ ಬದುವಿನ ಮೇಲಿಂದ ಕೂಗಿದಳು.

ಅವನು ದೊಣ್ಣೆಯನ್ನು ನೆಲಕ್ಕೆ ಹಾಕಿ, ತಲೆಗೆ ಕೈ ಅಡ್ಡ ಹಿಡಿದು ಕುಕ್ಕರಿಸಿದ. ರಾಮಪ್ಪ ತೋಳು ಸೋಲುವವರೆಗೂ ಬಡಿದ. ರಾಜಪ್ಪ ಎತ್ತಿನ ಬಾಲ ಮುರಿದು ಉಳುಮೆ ಮುಂದುವರಿಸಿದ.

ಆ ವರ್ಷ ಎಂಟು ಗುಂಟೆ ಗದ್ದೆ ಹೋಯಿತು. ಶೇಷಪ್ಪನ ಬಲಗೈಯ ಎರಡು ಬೆರಳು ಮತ್ತೆ ಮಡಚಲು ಬರಲಿಲ್ಲ. ರಾಜಪ್ಪ ಮಾತ್ರ ಸಾಯುವವರೆಗೂ ಅವನ ಮೇಲೆ ಕೈ ಎತ್ತಲಿಲ್ಲ.