ನಾಲ್ಕು ಡಿಗ್ರಿ

ಕ್ಲಿನಿಕ್ಕಿನಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅತ್ತಿಗೆಯಾಗಿದ್ದದ್ದು ಡಾಕ್ಟರೊಬ್ಬರಿಗೇ; ಅವರು ಅವಳ ಗಂಡನ ತಮ್ಮ. ಹನ್ನೊಂದು ವರ್ಷದ ಹಿಂದೆ ಕ್ಲಿನಿಕ್ ತೆರೆದಾಗ, ರೋಗಿಗಳನ್ನು ನಾನು ನೋಡಿಕೊಳ್ಳುತ್ತೇನೆ, ಉಳಿದದ್ದೆಲ್ಲ ನಿಮ್ಮದು ಎಂದಿದ್ದರು. ಆ ಉಳಿದದ್ದರಲ್ಲಿ ಲೈಸೆನ್ಸ್ ನವೀಕರಣ, ವಿಮೆ ಕಾಗದಪತ್ರ, ಸಿಬ್ಬಂದಿಯ ರಜೆ, ಔಷಧಿ ಕಂಪನಿಯವರ ಕಾಟ, ಸೋರುವ ನಲ್ಲಿ ಎಲ್ಲವೂ ಬಂದವು. ಅಳುವ ಮಗುವಿನ ಅಮ್ಮ, ಕೂಗಾಡುವ ಅಜ್ಜ, ಎಲ್ಲರೂ ಮೊದಲು ಎದುರಾಗುತ್ತಿದ್ದದ್ದು ಅವಳ ಮೇಜಿಗೆ. ನಾಲ್ಕು ಮಾತಾಡಿದ ಮೇಲೆ ಅವರೂ ಅತ್ತಿಗೆ ಎನ್ನಲು ಶುರುಮಾಡುತ್ತಿದ್ದರು.

ಆ ಗುರುವಾರ ಬೆಳಿಗ್ಗೆ ಅವಳು ಖುಷಿಯಲ್ಲಿದ್ದಳು. ಹತ್ತಿರದ ದೊಡ್ಡ ಶಾಲೆಯೊಂದು ತನ್ನ ಮಕ್ಕಳ ಆರೋಗ್ಯ ತಪಾಸಣೆಯನ್ನು ಇವರ ಕ್ಲಿನಿಕ್ಕಿಗೇ ಕೊಡಲು ಒಪ್ಪಿತ್ತು. ಐದು ತಿಂಗಳು ಅಲೆದು, ಮುಖ್ಯೋಪಾಧ್ಯಾಯಿನಿಯ ಕೋಣೆಯ ಹೊರಗೆ ಬೆಂಚು ಸವೆಸಿ ದಕ್ಕಿಸಿಕೊಂಡ ಕೆಲಸ ಅದು. ಸೋಮವಾರ ಸಹಿ. ಎದುರು ರಸ್ತೆಯಲ್ಲಿ ಗಾಜಿನ ಬಾಗಿಲಿನ ಆಸ್ಪತ್ರೆ ಬಂದಾಗಿನಿಂದ ಇಲ್ಲಿನ ಕುರ್ಚಿಗಳು ಖಾಲಿ ಬೀಳುತ್ತಿದ್ದವು; ಆ ಚಿಂತೆ ಇನ್ನಾದರೂ ಕಳೆಯಿತು ಅಂದುಕೊಂಡಿದ್ದಳು.

ಹನ್ನೊಂದರ ಸುಮಾರಿಗೆ ಫ್ರಿಜ್ ರಿಪೇರಿಯವನು ಬಂದ. ಲಸಿಕೆಗಳನ್ನಿಡುವ ಫ್ರಿಜ್ಜಿನ ಬಾಗಿಲು ಸರಿಯಾಗಿ ಕೂರುತ್ತಿಲ್ಲ ಎಂದು ಅವಳೇ ಕರೆಸಿದ್ದಳು. ಅವನು ಬಾಗಿಲ ರಬ್ಬರನ್ನು ಬೆರಳಲ್ಲಿ ಒತ್ತಿ ನೋಡಿದ, ಒಳಗಿದ್ದ ಮುಳ್ಳಿನ ಥರ್ಮಾಮೀಟರನ್ನು ತೆಗೆದು ಅವಳ ಮೇಜಿನ ಮೇಲಿಟ್ಟು ಕೆಲಸಕ್ಕೆ ಕೂತ. ಕಾಲು ಗಂಟೆಯ ಮೇಲೆ ಯಾವುದೋ ಕಾಗದ ಹುಡುಕುವಾಗ ಅವಳ ಕಣ್ಣು ಅದರ ಮೇಲೆ ಬಿತ್ತು. ಮುಳ್ಳು ನಾಲ್ಕು ಡಿಗ್ರಿ ತೋರಿಸುತ್ತಿತ್ತು. ಫ್ಯಾನಿನ ಕೆಳಗೂ ಬೆವರುವಂಥ ಸೆಕೆಯ ಕೋಣೆಯಲ್ಲಿ, ನಾಲ್ಕು ಡಿಗ್ರಿ.

ಅವಳು ಅದನ್ನು ತಟ್ಟಿದಳು, ಅಂಗೈಯಲ್ಲಿ ಬಿಗಿಯಾಗಿ ಹಿಡಿದಳು. ಮುಳ್ಳು ಕದಲಲಿಲ್ಲ.

ರಿಪೇರಿಯವನು ತನ್ನ ಥರ್ಮಾಮೀಟರನ್ನು ಫ್ರಿಜ್ಜಿನೊಳಗಿಟ್ಟು ಬಾಗಿಲು ಮುಚ್ಚಿ ಅರ್ಧ ಗಂಟೆ ಕಾದ. ಹದಿಮೂರು ತೋರಿಸಿತು. ಎಂಟನ್ನು ದಾಟಬಾರದು ಎಂಬುದು ಅಲ್ಲಿ ಕಸ ಗುಡಿಸುವವಳಿಗೂ ಗೊತ್ತಿತ್ತು. ರಬ್ಬರ್ ಸತ್ತುಹೋಗಿ ಬಹಳ ದಿನವಾಗಿರಬೇಕು ಎಂದ ಅವನು, ಅದೇನು ದೊಡ್ಡ ವಿಷಯವಲ್ಲ ಎಂಬಂತೆ.

ಅವಳು ಫ್ರಿಜ್ಜಿನ ಮೇಲಿದ್ದ ಪುಸ್ತಕ ತೆರೆದಳು. ದಿನಕ್ಕೆರಡು ಸಲ ಡಿಗ್ರಿ ನೋಡಿ ಬರೆಯುವುದು ಲಸಿಕೆ ಹಾಕುವ ಸಿಸ್ಟರ್ ಕೆಲಸ. ವಾರಕ್ಕೊಮ್ಮೆ ಪರಿಶೀಲಿಸಿ ಸಹಿ ಹಾಕುವುದು ಅವಳದು. ಹಿಂದಿನ ಪುಟಗಳಲ್ಲಿ ಐದು, ಮೂರು, ಆರು, ನಾಲ್ಕು ಎಂದೆಲ್ಲ ಇತ್ತು. ಆಮೇಲೆ ಒಂದು ದಿನದಿಂದ ಬರೀ ನಾಲ್ಕು. ನಲವತ್ತೊಂದು ದಿನ, ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ಅದರ ಕೆಳಗೆ ದುಂಡಗೆ, ಅಂದವಾಗಿ, ಅವಳ ಐದು ಸಹಿಗಳು.

ಸಿಸ್ಟರನ್ನು ಕರೆದು ತೋರಿಸಿದಾಗ ಆಕೆಯ ಮುಖ ಬಿಳಿಚಿಕೊಂಡಿತು. ಮುಳ್ಳು ಎಲ್ಲಿತ್ತೋ ಅದನ್ನೇ ಬರೆದೆ, ಸುಳ್ಳು ಬರೆದಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ಅದು ಅತ್ತಿಗೆಗೂ ಗೊತ್ತಿತ್ತು. ಆಕೆ ನೋಡಿ ಬರೆದಿದ್ದಳು. ಸಹಿ ಹಾಕಿದವಳು ನೋಡಿರಲಿಲ್ಲ.

ಡಾಕ್ಟರು ಲಸಿಕೆ ಕಂಪನಿಯವರ ಜೊತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಉಳಿದಿರುವುದನ್ನು ಬಳಸಬೇಡಿ ಎಂದರಂತೆ. ಈಗಾಗಲೇ ಹಾಕಿಸಿಕೊಂಡ ಮಕ್ಕಳಿಗೆ ಅಪಾಯವೇನಿಲ್ಲ, ಆದರೆ ಲಸಿಕೆ ಕೆಲಸ ಮಾಡದೆ ಇರಬಹುದು. ಮತ್ತೆ ಹಾಕುವುದೇ ಒಳ್ಳೆಯದು. ಅತ್ತಿಗೆ ರಿಜಿಸ್ಟರ್ ನೋಡಿ ಎಣಿಸಿದಳು. ನಲವತ್ಮೂರು ಮಕ್ಕಳು.

ಡಾಕ್ಟರು ಬಾಗಿಲು ಹಾಕಿ ಕೂತರು. "ಸೋಮವಾರ ಒಂದು ಕಳೆದುಬಿಡ್ಲಿ ಅತ್ತಿಗೆ. ಸಹಿ ಆದ್ಮೇಲೆ ನಿಧಾನಕ್ಕೆ ಒಬ್ಬೊಬ್ಬರನ್ನೇ ಕರೆಸಿ, ಬೂಸ್ಟರ್ ಅಂತ ಹೇಳಿ ಹಾಕಿಬಿಡೋಣ."

ಅವಳು ಬೇಡ ಎನ್ನಲಿಲ್ಲ. ಎನ್ನಬೇಕಿತ್ತು. ಆದರೆ ಆ ಮಾತು ಕಿವಿಗೆ ಬಿದ್ದಾಗ ತನಗೆ ಒಂದು ಕ್ಷಣ ಹಾಯೆನಿಸಿತ್ತು ಎಂಬುದೇ ಅವಳನ್ನು ಹೆಚ್ಚು ಹೆದರಿಸಿತು.

ನಾಲ್ಕು ಗಂಟೆಗೆ ಎಳೆ ವಯಸ್ಸಿನ ಒಬ್ಬ ತಾಯಿ ಮೂರೂವರೆ ತಿಂಗಳ ಕೂಸನ್ನು ಎತ್ತಿಕೊಂಡು ಲಸಿಕೆಗೆ ಬಂದಳು. ಸ್ಟಾಕ್ ಬಂದಿಲ್ಲಮ್ಮ, ಮುಂದಿನ ವಾರ ಬಾ ಎಂದಳು ಅತ್ತಿಗೆ. ಸುಳ್ಳು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಎರಡು ಬಸ್ಸು ಹಿಡಿದು ಬಂದಿದ್ದ ಹುಡುಗಿ ಬೇಸರವನ್ನೂ ತೋರಿಸಲಿಲ್ಲ.

"ಪರವಾಗಿಲ್ಲ. ನೀವಿದ್ದೀರಲ್ಲ ಅತ್ತಿಗೆ, ನೀವು ಹೇಳಿದ ದಿನ ಬರ್ತೀನಿ," ಎಂದು ಕೂಸಿನ ಟೋಪಿ ಸರಿಮಾಡಿಕೊಂಡು ಹೊರಟಳು.

ಅತ್ತಿಗೆಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನೇರ ಡಾಕ್ಟರ ಕೋಣೆಗೆ ಹೋದಳು. ರೋಗಿಗಳೆದುರು ಮೈದುನನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವಳು ಬಾಗಿಲು ಹಾಕಿ, ಮನೆಯ ಮಾತಿಗೆ ಬಂದಳು.

"ನಾನು ಈಗಲೇ ಎಲ್ಲರಿಗೂ ಫೋನ್ ಮಾಡ್ತೀನಿ ಕಣೋ. ಇದ್ದದ್ದು ಇದ್ದ ಹಾಗೇ ಹೇಳ್ತೀನಿ."

"ಶಾಲೆಯವರ ಕಿವಿಗೆ ಬಿದ್ರೆ?"

"ಬೀಳೋದೇನು, ಅವರಿಗೂ ನಾನೇ ಹೇಳ್ತೀನಿ. ಸಹಿ ನಂದು. ನೋಡದೆ ಹಾಕಿದ್ದೂ ನಾನೇ."

ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆಮೇಲೆ, ಯಾರಾದರೂ ವೈದ್ಯಕೀಯ ಪ್ರಶ್ನೆ ಕೇಳಿದರೆ ಫೋನನ್ನು ತನಗೆ ಕೊಡುವಂತೆ ಹೇಳಿದರು.

ಮೊದಲ ಫೋನು ಯಾರಿಗೆ ಎಂದು ಅವಳು ಹೆಚ್ಚು ಯೋಚಿಸಲಿಲ್ಲ. ಹಿಂದಿನ ಬೀದಿಯಲ್ಲಿ ಒಬ್ಬಾಕೆ ಇದ್ದಳು, ಎಲ್ಲರೂ ಅವಳಿಗೆ ರೇಡಿಯೋ ಎಂದೇ ಹೆಸರಿಟ್ಟಿದ್ದರು. ಆಕೆಗೆ ಹೇಳಿದ ಸುದ್ದಿ ಆಕೆ ಫೋನಿಡುವ ಮುಂಚೆಯೇ ಬೀದಿಯ ಕೊನೆ ಮುಟ್ಟುತ್ತದೆ ಎಂದು ತಮಾಷೆ ಮಾಡುತ್ತಿದ್ದರು. ಆಕೆಯ ಮೊಮ್ಮಗಳೂ ಪಟ್ಟಿಯಲ್ಲಿದ್ದಳು. ಅಲ್ಲಿಗೆ ಹೇಳಿಬಿಟ್ಟರೆ ಹಿಂದೆ ಸರಿಯುವ ದಾರಿಯೇ ಇರುವುದಿಲ್ಲ; ಅತ್ತಿಗೆಗೆ ಬೇಕಿದ್ದದ್ದೂ ಅದೇ. ಎರಡು ಸಲ ತಪ್ಪು ನಂಬರು ಒತ್ತಿದಳು. ರೇಡಿಯೋ ಒಮ್ಮೆಯೂ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಿತು. ನಾಳೆ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತೀರಿ ಎಂದಷ್ಟೇ ಕೇಳಿತು.

ಎಲ್ಲರೂ ಹಾಗಿರಲಿಲ್ಲ. ಒಬ್ಬ ತಂದೆ ಬಾಯಿಗೆ ಬಂದಂತೆ ಬೈದ. ಒಬ್ಬಳು ಅತ್ತಳು. ವಕೀಲರೊಬ್ಬರು ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿದರು. ಒಂಬತ್ತು ಮನೆಯವರು ಮಕ್ಕಳ ಫೈಲು ತೆಗೆದುಕೊಂಡು ಗಾಜಿನ ಬಾಗಿಲಿನ ಕಡೆ ನಡೆದರು. ಅತ್ತಿಗೆ ಒಂದೊಂದನ್ನೂ ಜೋಡಿಸಿ, ಪಿನ್ ಹೊಡೆದು ಕೊಟ್ಟಳು. ಎರಡು ಬಸ್ಸು ಹಿಡಿದು ಬಂದಿದ್ದ ಹುಡುಗಿಗೂ ಫೋನ್ ಮಾಡಿ, ಸ್ಟಾಕಿನ ಮಾತು ಸುಳ್ಳೆಂದು ಒಪ್ಪಿಕೊಂಡಳು. ಶಾಲೆಯ ಮುಖ್ಯೋಪಾಧ್ಯಾಯಿನಿ ಪೂರ್ತಿ ಕೇಳಿ, ಹೇಳಿದ್ದಕ್ಕೆ ಥ್ಯಾಂಕ್ಸ್, ಮುಂದಿನ ವರ್ಷ ನೋಡೋಣ ಎಂದರು. ಸಿಸ್ಟರ್ ಮಾತ್ರ ಶುಕ್ರವಾರದಿಂದ ಕೆಲಸಕ್ಕೆ ಬರಲಿಲ್ಲ. ಮಕ್ಕಳ ಮುಖ ನೋಡಲಾರೆ ಎಂದು ಗಂಡನ ಕೈಲಿ ಹೇಳಿಕಳಿಸಿದ್ದಳು.

ಬುಧವಾರದ ಹೊತ್ತಿಗೆ ಉಳಿದದ್ದು ಒಂದೇ ಹೆಸರು. ಫೋನು ಚಾಲ್ತಿಯಲ್ಲಿರಲಿಲ್ಲ. ಅತ್ತಿಗೆ ವಿಳಾಸ ಬರೆದುಕೊಂಡು ಹೊರಟಳು. ಲಿಫ್ಟ್ ಕೆಟ್ಟ ಹಳೆಯ ಕಟ್ಟಡದ ನಾಲ್ಕನೆಯ ಮಹಡಿ. ಏರುತ್ತಾ ಅವಳು, ಇವರು ಬಾಗಿಲು ಮುಖಕ್ಕೆ ಹಾಕಿದರೂ ಹಾಕಲಿ, ಮನೆಯಲ್ಲಿದ್ದರೆ ಸಾಕು ಅಂದುಕೊಂಡಳು.

ಬಾಗಿಲು ತೆಗೆದ ಹೆಂಗಸು ಹೊಲಿಗೆ ಕೆಲಸದವಳು. ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿತ್ತು, ಮಗು ಬಟ್ಟೆ ಚೂರುಗಳ ನಡುವೆ ಕೂತಿತ್ತು. ಅತ್ತಿಗೆ ನಿಂತಲ್ಲೇ ಎಲ್ಲ ಹೇಳಿದಳು. ಹೆಂಗಸು ಮಗುವನ್ನು ಎತ್ತಿಕೊಂಡು, ಬೆನ್ನು ಸವರಿದಳು.

"ಅವತ್ತು ಹಾಕಿದ ಸಿಸ್ಟರ್ ಇದ್ದಾರಾ ಈಗ್ಲೂ?"

"ಯಾಕಮ್ಮ?"

"ಅವರ ಕೈ ಹಗುರ. ಇದು ಅಳಲೇ ಇಲ್ಲ ಅವತ್ತು. ಅವರೇ ಹಾಕೋದಾದ್ರೆ ನಾಳೆ ಕರ್ಕೊಂಡು ಬರ್ತೀನಿ."

ಹತ್ತು ಗಂಟೆಗೆ ಬನ್ನಿ ಎಂದು ಹೇಳಿ ಅತ್ತಿಗೆ ಮೆಟ್ಟಿಲಿಳಿದಳು. ಎರಡನೆಯ ಮಹಡಿಯಲ್ಲಿ ನಿಂತು, ಸಿಸ್ಟರಿಗೆ ಫೋನ್ ಹಚ್ಚಿದಳು. ಸಿಸ್ಟರ್ ಎತ್ತಲಿಲ್ಲ. ಅವಳು ಮತ್ತೆ ಹಚ್ಚಿದಳು. ನಾಲ್ಕನೆಯ ಸಲಕ್ಕೆ ಆ ಕಡೆಯಿಂದ ಉಸಿರು ಕೇಳಿಸಿತು.